ಕಾರಿಗೆ ಪಾಲಿಶ್: ಪ್ಯಾಡ್ ಮತ್ತು ಪ್ಲೇಟ್ ಆರಿಸುವುದು ಹೇಗೆ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ದಾವಣಗೆರೆಯಲ್ಲಿರುವ ಮಾಮುವಿನ ಟಿಂಕರಿಂಗ್ ಮತ್ತು ಪೇಂಟಿಂಗ್ ಶೆಡ್ಡಿಗೆ ಹೋಗಿದ್ದೆ. ಮೊದಲ ವಾರವೆಲ್ಲ ಕಾರು ತೊಳೆಯುವುದು, ಟೇಪ್ ಅಂಟಿಸುವುದು ಇಷ್ಟೇ ಕೆಲಸ. ಎರಡನೇ ವಾರ ಒಂದು ದಿನ ಮಾಮು ಊಟಕ್ಕೆ ಹೋಗಿದ್ದಾಗ, ಯಾರನ್ನೂ ಕೇಳದೆ ಪಾಲಿಶ್ ಮೆಷಿನ್ ಕೈಗೆತ್ತಿಕೊಂಡೆ. ಹತ್ತೇ ನಿಮಿಷ. ಕಪ್ಪು ಕಾರೊಂದರ ಬಾನೆಟ್ ಅಂಚಿನಲ್ಲಿ ಹೆಬ್ಬೆರಳಗಲದಷ್ಟು ಬಣ್ಣ ಹೋಗಿ ಕೆಳಗಿನ ಪ್ರೈಮರ್ ಕಾಣಿಸಿತು. ಆ ದಿನ ನಾನು ಎಲ್ಲೆಲ್ಲಿ ತಪ್ಪಿದೆ ಎಂಬುದೇ ಈ ಲೇಖನದ ವಿಷಯ.

ಮೊದಲು ಬಣ್ಣದ ವಿಚಾರ. ಈಗಿನ ಕಾರುಗಳಲ್ಲಿ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಈ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತಲೂ ತೆಳು. ಪಾಲಿಶ್ ಎಂದರೆ ಗೀರುಗಳನ್ನು ಮುಚ್ಚುವುದು ಎಂದು ನಾನು ತಿಳಿದಿದ್ದೆ. ನಿಜವಾಗಿ ಅದು ಗೀರಿನ ಸುತ್ತಲಿನ ಪದರವನ್ನು ಸ್ವಲ್ಪ ಸ್ವಲ್ಪವೇ ಸವೆಸಿ ಸಮ ಮಾಡುವ ಕೆಲಸ. ಒಮ್ಮೆ ಸವೆದದ್ದು ಮತ್ತೆ ಬರುವುದಿಲ್ಲ. ಆದ್ದರಿಂದಲೇ ಪ್ಯಾಡಿನ ಆಯ್ಕೆ ಮುಖ್ಯ.

ಮೆಷಿನ್‌ಗಳಲ್ಲಿ ಎರಡು ಬಗೆ. ರೋಟರಿ ಮೆಷಿನ್ ಒಂದೇ ಅಕ್ಷದ ಸುತ್ತ ತಿರುಗುತ್ತದೆ. ಅದು ಬೇಗ ಸವೆಸುತ್ತದೆ, ಬೇಗ ಬಿಸಿಯಾಗುತ್ತದೆ. ಡ್ಯುಯಲ್ ಆಕ್ಷನ್ ಮೆಷಿನ್ ತಿರುಗುತ್ತಲೇ ಸಣ್ಣ ಸುತ್ತಿನಲ್ಲಿ ಓಲಾಡುತ್ತದೆ. ಇದರಲ್ಲಿ ಬಿಸಿ ಒಂದೇ ಕಡೆ ಸೇರುವುದು ಕಡಿಮೆ. ಹೊಸಬರಿಗೆ ಇದೇ ಒಳ್ಳೆಯದು. ನಾನು ಹಿಡಿದದ್ದು ರೋಟರಿ.

ಮೆಷಿನ್‌ಗೂ ಪ್ಯಾಡಿಗೂ ನಡುವೆ ಇರುವ ಗಟ್ಟಿ ತಟ್ಟೆಯೇ ಬ್ಯಾಕಿಂಗ್ ಪ್ಲೇಟ್. ಅದರ ಮುಖದಲ್ಲಿರುವ ವೆಲ್ಕ್ರೋ ಪ್ಯಾಡನ್ನು ಹಿಡಿದುಕೊಳ್ಳುತ್ತದೆ. ಇದನ್ನು ಆರಿಸುವಾಗ ಮೂರು ಸಂಗತಿ ನೋಡಬೇಕು.

ಒಂದು, ಅಳತೆ. ಪ್ಲೇಟ್ ಯಾವಾಗಲೂ ಪ್ಯಾಡಿಗಿಂತ ಸ್ವಲ್ಪ ಚಿಕ್ಕದಿರಬೇಕು. ಐದೂವರೆ ಇಂಚಿನ ಪ್ಯಾಡಿಗೆ 5 ಇಂಚಿನ ಪ್ಲೇಟ್, ಆರೂವರೆ ಇಂಚಿಗೆ 6 ಇಂಚು. ಎರಡೂ ಸಮವಾಗಿದ್ದರೆ ಮೆಷಿನ್ ಸ್ವಲ್ಪ ವಾಲಿದರೂ ಪ್ಲೇಟಿನ ಗಟ್ಟಿ ಅಂಚು ಬಣ್ಣಕ್ಕೆ ತಾಗುತ್ತದೆ. ನನ್ನ ಮೆಷಿನ್‌ನಲ್ಲಿ ಇದ್ದದ್ದು 7 ಇಂಚಿನ ಪ್ಲೇಟ್, ಅದರ ಮೇಲಿನ ಹಳೆಯ ಉಣ್ಣೆ ಪ್ಯಾಡ್ ಕೂಡ ಅಷ್ಟೇ ಅಗಲ. ಪ್ಲೇಟ್ ತೀರಾ ಚಿಕ್ಕದಾದರೂ ಕಷ್ಟವೇ. ಒತ್ತಡವೆಲ್ಲ ನಡುವೆಯೇ ಬಿದ್ದು ಪ್ಯಾಡಿನ ಅಂಚು ಸಡಿಲವಾಗಿ ಬಡಿಯುತ್ತದೆ.

ಎರಡು, ಥ್ರೆಡ್. ರೋಟರಿ ಮೆಷಿನ್‌ಗಳಲ್ಲಿ ಹೆಚ್ಚಾಗಿ ಎಂ14, ಅಂದರೆ 14 ಮಿ.ಮೀ. ವ್ಯಾಸದ ಥ್ರೆಡ್ ಇರುತ್ತದೆ. ಕೆಲವದರಲ್ಲಿ 5/8 ಇಂಚು ಇರುತ್ತದೆ. ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ಕೂರಿಸಬಾರದು. ಡ್ಯುಯಲ್ ಆಕ್ಷನ್ ಮೆಷಿನ್‌ನಲ್ಲಿ ಪ್ಲೇಟಿನ ತೂಕಕ್ಕೆ ಸರಿಯಾಗಿ ಒಳಗೆ ಸಮತೂಕದ ತುಂಡು ಇರುತ್ತದೆ. ಹಾಗಾಗಿ ಬೇರೆ ಅಳತೆಯ ಪ್ಲೇಟ್ ಹಾಕಿದರೆ ಮೆಷಿನ್ ಕೈಯಲ್ಲೇ ಅದುರುತ್ತದೆ.

ಮೂರು, ಗಡಸು. ಟಾಪ್‌ನಂಥ ಸಮತಟ್ಟಾದ ಜಾಗಕ್ಕೆ ಗಟ್ಟಿ ಪ್ಲೇಟ್ ನಡೆಯುತ್ತದೆ. ಫೆಂಡರ್, ಬಂಪರ್‌ನ ತಿರುವುಗಳಿಗೆ ಬಾಗುವ ಮೆದು ಪ್ಲೇಟ್ ಬೇಕು.

ಇನ್ನು ಪ್ಯಾಡ್. ಉಣ್ಣೆ ಮತ್ತು ಮೈಕ್ರೋಫೈಬರ್ ಪ್ಯಾಡ್‌ಗಳು ಹೆಚ್ಚು ಸವೆಸುತ್ತವೆ. ಫೋಮ್‌ನಲ್ಲಿ ಗಟ್ಟಿಯದು ಗೀರು ತೆಗೆಯಲು, ಮಧ್ಯಮದ್ದು ಪಾಲಿಶ್‌ಗೆ, ಮೆತ್ತನೆಯದು ಕೊನೆಯ ಹೊಳಪಿಗೆ. ಬಣ್ಣ ನೋಡಿ ಪ್ಯಾಡ್ ಕೊಳ್ಳಬೇಡಿ. ಒಂದು ಕಂಪನಿಯ ಕಿತ್ತಳೆ ಪ್ಯಾಡ್ ಗಡಸಾಗಿದ್ದರೆ ಇನ್ನೊಂದರದ್ದು ಮೆದುವಾಗಿರಬಹುದು. ಎಲ್ಲರೂ ಪಾಲಿಸುವ ಬಣ್ಣದ ನಿಯಮ ಯಾವುದೂ ಇಲ್ಲ. ಡ್ಯುಯಲ್ ಆಕ್ಷನ್ ಮೆಷಿನ್‌ಗೆ ತೀರಾ ದಪ್ಪ ಫೋಮ್ ಹಾಕಿದರೆ ಮೆಷಿನ್‌ನ ಓಲಾಟವನ್ನು ಅದೇ ನುಂಗಿಬಿಡುತ್ತದೆ. ತೆಳು ಪ್ಯಾಡ್ ವಾಸಿ.

ನನ್ನ ತಪ್ಪಿನ ಲೆಕ್ಕ ನನಗೆ ಅರ್ಥವಾದದ್ದು ಪ್ರಥಮ ಪಿಯು ಭೌತಶಾಸ್ತ್ರ ತರಗತಿಯಲ್ಲಿ. ಅಂಚಿನ ವೇಗವೆಂದರೆ ತ್ರಿಜ್ಯ ಮತ್ತು ಕೋನೀಯ ವೇಗಗಳ ಗುಣಲಬ್ಧ ಅಲ್ಲವೇ? 15 ಸೆಂ.ಮೀ. ಅಗಲದ ಪ್ಯಾಡ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 11.8 ಮೀಟರ್, ಅಂದರೆ ಗಂಟೆಗೆ 42 ಕಿ.ಮೀ. ವೇಗದಲ್ಲಿ ಬಣ್ಣವನ್ನು ಉಜ್ಜುತ್ತದೆ. ಅರ್ಧ ಅಗಲದ ಪ್ಯಾಡ್ ಆದರೆ ವೇಗವೂ ಅರ್ಧ. ನನ್ನ ಪ್ಯಾಡ್ ದೊಡ್ಡದು, ವೇಗವನ್ನು ಪೂರ್ತಿ ಏರಿಸಿದ್ದೆ, ಮೇಲಾಗಿ ಮೆಷಿನ್ ವಾಲಿಸಿ ಹಿಡಿದಿದ್ದೆ. ವಾಲಿಸಿದರೆ ತಾಗುವ ವಿಸ್ತೀರ್ಣ ಕಡಿಮೆಯಾಗುತ್ತದೆ, ಬಲ ಅಷ್ಟೇ ಇದ್ದರೂ ಒತ್ತಡ ಹೆಚ್ಚುತ್ತದೆ. ಅದೂ ಬಾನೆಟ್‌ನ ಅಂಚಿನಲ್ಲಿ. ಬಣ್ಣ ಹಸಿಯಾಗಿರುವಾಗ ಅಂಚಿನಿಂದ ಹಿಂದೆ ಸರಿಯುವುದರಿಂದ ಅಲ್ಲಿ ಪದರ ತೆಳುವಾಗಿಯೇ ಇರುತ್ತದೆ.

ಈಗ ನಾವು ಮಾಡುವ ಕ್ರಮ ಹೀಗಿದೆ. ಕಾರು ಚೆನ್ನಾಗಿ ತೊಳೆದ ಮೇಲೆ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಾಕುತ್ತೇವೆ. ಒಂದೂವರೆ ಅಡಿ ಚೌಕದಲ್ಲಿ ಮೆದು ಪ್ಯಾಡಿನಿಂದಲೇ ಪರೀಕ್ಷೆ ಶುರು. ಗೀರು ಹೋಗದಿದ್ದರೆ ಮಾತ್ರ ಅದಕ್ಕಿಂತ ಗಡಸಾದ ಪ್ಯಾಡ್. ಒಂದು ಪ್ಯಾಡಿಗೆ ಒಂದೇ ಬಗೆಯ ಕಾಂಪೌಂಡ್. ಆಗಾಗ ಬ್ರಷ್‌ನಿಂದ ಉಜ್ಜಿ ಪುಡಿ ತೆಗೆಯಬೇಕು, ಬಿಸಿಯಾದರೆ ಪ್ಯಾಡ್ ಬದಲಿಸಬೇಕು. ನೆಲಕ್ಕೆ ಬಿದ್ದ ಪ್ಯಾಡನ್ನು ತೊಳೆದು ಒಣಗಿಸದೆ ಮುಟ್ಟುವಂತಿಲ್ಲ, ಒಂದು ಮರಳಿನ ಕಣ ಸಾಕು.

ಆ ದಿನ ಊಟ ಮುಗಿಸಿ ಬಂದ ಮಾಮು ಬಾನೆಟ್ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂಚಿಗೆ ಒಂದಿಷ್ಟು ಕಪ್ಪು ಬಣ್ಣ ಮುಟ್ಟಿಸಿದರೆ ಗೊತ್ತಾಗುವುದಿಲ್ಲ ಎಂದು ನಾನೇ ಮೆಲ್ಲಗೆ ಹೇಳಿದೆ. ಅವರು ಕೇಳಲಿಲ್ಲ. ಸಂಜೆ ಕಾರಿನ ಮಾಲೀಕರು ಬಂದಾಗ, "ಸಾರ್, ನಮ್ಮ ಹುಡುಗನ ಕೈಯಿಂದ ತಪ್ಪಾಗಿದೆ. ಬಾನೆಟ್ ಪೂರ್ತಿ ಹೊಸದಾಗಿ ಪೇಂಟ್ ಮಾಡಿಕೊಡುತ್ತೇವೆ, ದುಡ್ಡು ಬೇಡ" ಎಂದರು. ಮುಂದಿನ ಎರಡು ದಿನ ಆ ಬಾನೆಟನ್ನು ನೀರು ಹಾಕಿ ಪಾಲಿಶ್ ಪೇಪರಿನಿಂದ ಉಜ್ಜಿದವನು ನಾನೇ. ಮೂರನೇ ದಿನ ಮಾಮು ಎಲ್ಲ ಪ್ಲೇಟ್‌ಗಳನ್ನೂ ಪ್ಯಾಡ್‌ಗಳನ್ನೂ ನೆಲದ ಮೇಲೆ ಹರಡಿ, "ಈಗ ಜೋಡಿ ಮಾಡು ನೋಡೋಣ" ಎಂದರು. ಕಾಲೇಜಿನ ರಜೆಗಳಲ್ಲಿ ಈಗಲೂ ಅಲ್ಲಿಗೆ ಹೋಗುತ್ತೇನೆ. ಮೆಷಿನ್ ಸ್ವಿಚ್ ಒತ್ತುವ ಮೊದಲು ಪ್ಯಾಡಿನ ಅಂಚನ್ನು ಒಮ್ಮೆ ಬೆರಳಿನಿಂದ ಸವರಿ ನೋಡುವುದು ಅಭ್ಯಾಸವಾಗಿದೆ.

– ದ್ವಿತೀಯ ಪಿಯು ವಿದ್ಯಾರ್ಥಿ, ವಿಜ್ಞಾನ ವಿಭಾಗ