ದೀಪಾವಳಿಯ ಕೋಟೆಯನ್ನು ಆರಿಸುವಾಗ

ದೀಪಾವಳಿ ಸಮೀಪಿಸಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಪೇಟೆಗಳಲ್ಲಿ ಹಣತೆಗಳ ಪಕ್ಕದಲ್ಲಿಯೇ ಬಣ್ಣ ಬಳಿದ ಸಿದ್ಧ ಕೋಟೆಗಳೂ ಮಾವಳೆ ಸೈನಿಕರ ಗೊಂಬೆಗಳೂ ಮಾರಾಟಕ್ಕೆ ಬರುತ್ತವೆ. ಅಂಗಳದ ಮಣ್ಣಿನಲ್ಲಿ ಕೋಟೆ ಕಟ್ಟುವುದು ಇಲ್ಲಿಯ ಮಕ್ಕಳ ಹಳೆಯ ವಾಡಿಕೆ. ಆದರೆ ನವಿ ಮುಂಬಯಿಯ ಎತ್ತರದ ಮಾಳಿಗೆಗಳಲ್ಲಿ ಅಂಗಳವೆಲ್ಲಿಯದು? ಅಲ್ಲಿ ಸಿದ್ಧ ಕೋಟೆಯೇ ಗತಿ. ನಮ್ಮ ದಸರೆಯ ಗೊಂಬೆಗಳಂತೆ ಇದು ಬರಿಯ ನೋಟಕ್ಕಲ್ಲ. ಸೈನ್ಯವನ್ನು ನಿಲ್ಲಿಸಿ ಮುತ್ತಿಗೆಯ ಆಟವನ್ನೂ ಆಡಬಹುದು. ಆದುದರಿಂದ ಬಣ್ಣಕ್ಕಿಂತ ಮೊದಲು ನೆಲವನ್ನು ನೋಡಬೇಕು.

ದೊಡ್ಡವರ ಯುದ್ಧದಾಟದಲ್ಲಿಯೂ ನೆಲಕ್ಕೇ ಮೊದಲ ಮಣೆ. 1812ರಲ್ಲಿ ಪ್ರಶ್ಯದ ರೈಸ್‌ವಿಟ್ಸ್ ಎಂಬವನು ತನ್ನ ಅರಸನಿಗೆ ಅಂಥದೊಂದು ಮೇಜನ್ನು ಒಪ್ಪಿಸಿದನು. ನೆಲದ ಉಬ್ಬುತಗ್ಗುಗಳನ್ನು ತೋರಿಸುವ, ಬಣ್ಣ ಹಚ್ಚಿದ ಬಿಲ್ಲೆಗಳು ಅದರಲ್ಲಿದ್ದವು. ಅವುಗಳ ಜೋಡಣೆಯನ್ನು ಬದಲಿಸಿದರೆ ರಣಭೂಮಿಯೇ ಬದಲಾಗುತ್ತಿತ್ತು.

ನಮ್ಮ ಸುತ್ತಲಿನ ಕೋಟೆಗಳೂ ಇದನ್ನೇ ಹೇಳುತ್ತವೆ. ಕಲ್ಯಾಣದ ದುರ್ಗಾಡಿಗೆ ಖಾಡಿಯ ನೀರು ಆಸರೆ. 1659ರಲ್ಲಿ ವಿಜಾಪುರದ ಸೇನಾಪತಿ ಅಫ್ಜಲ್‌ಖಾನನ ಸೈನ್ಯದ ಮೇಲೆ ಮರಾಠರು ಎರಗಿದುದು ಪ್ರತಾಪಗಡದ ಬುಡದ ದಟ್ಟ ಕಾಡಿನಲ್ಲಿ ಅಡಗಿದ್ದು. ಇಳಿಜಾರೂ ಹಾದಿಯೂ ಇಲ್ಲದ, ನಾಲ್ಕು ಬುರುಜುಗಳ ಡಬ್ಬಿಯಂತಹ ಕೋಟೆಯಲ್ಲಿ ಗೊಂಬೆಗಳನ್ನು ನಿಲ್ಲಿಸುವುದಾದರೂ ಎಲ್ಲಿ?

ಇನ್ನು ಬಾಗಿಲನ್ನು ನೋಡಿರಿ. ಪೇಟೆಯ ಕೋಟೆಗಳಲ್ಲಿ ಹೆಚ್ಚಿನವು ಹೆಬ್ಬಾಗಿಲನ್ನು ನಡುಮುಂದೆ ತೆರೆದಿಟ್ಟಿರುತ್ತವೆ, ಶತ್ರುವಿಗೆ ಆಮಂತ್ರಣವಿತ್ತಂತೆ! ರಾಯಗಡದ ಮಹಾದ್ವಾರವು ಎರಡು ಬುರುಜುಗಳ ಮರೆಯಲ್ಲಿ, ದಾರಿಯ ತಿರುವಿನಲ್ಲಿದೆ. ಏರಿ ಬಂದವನಿಗೆ ಅದು ದೂರದಿಂದ ಕಾಣದು. ಆನೆಯನ್ನು ಓಡಿಸಿ ತಂದು ಕದವನ್ನು ಗುದ್ದಿಸಲು ಎಡೆಯೂ ಇಲ್ಲ. ಅಂತಹ ತಿರುವುಳ್ಳ ಕೋಟೆ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿರಿ.

ಅಂಗಡಿಗೆ ಹೋಗುವಾಗ ಮನೆಯಲ್ಲಿರುವ ಒಂದು ಸೈನಿಕನ ಗೊಂಬೆಯನ್ನು ಜೊತೆಗೆ ಒಯ್ಯಿರಿ. ಎಂಟು ಅಂಗುಲದ ಸೈನಿಕನು ಐದು ಅಂಗುಲದ ಬಾಗಿಲಿನಲ್ಲಿ ನುಸುಳುವುದು ಹೇಗೆ? ಕುದುರೆ ಸವಾರನಿಗಂತೂ ಇನ್ನೂ ಎತ್ತರ ಬೇಕು. ಶಿಖರದಲ್ಲಿ ಕೂರುವ ಶಿವಾಜಿ ಮಹಾರಾಜರ ಮೂರ್ತಿ ಉಳಿದವಕ್ಕಿಂತ ದೊಡ್ಡದಿರುವುದು ರೂಢಿ. ಅದನ್ನು ಈ ಲೆಕ್ಕಕ್ಕೆ ತರಕೂಡದು.

ಬಣ್ಣದ ಮಾತು ಇಷ್ಟೇ. ಸಹ್ಯಾದ್ರಿಯ ಬಂಡೆ ಕಪ್ಪು. ಇಟ್ಟಿಗೆಯ ಕೆಂಪು ಗೆರೆಗಳನ್ನೆಳೆದ ಕೋಟೆ ಆ ಬೆಟ್ಟಗಳದ್ದೆನಿಸದು. ಒದ್ದೆ ಬಟ್ಟೆಯಿಂದ ಮೂಲೆಯೊಂದನ್ನು ಒರಸಿ, ಬಣ್ಣ ಬಿಡುವುದೋ ಎಂದು ಅಂಗಡಿಯವರ ಅಪ್ಪಣೆ ಪಡೆದು ಪರೀಕ್ಷಿಸಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಕೋಟೆ ಒಡೆದರೆ ಮಣ್ಣಿನಂತೆ ಕಲಸಿ ಮತ್ತೆ ಕಟ್ಟಲು ಬಾರದು. ನೀರನ್ನು ಹೀರಿ ಮೆತ್ತಗಾಗುತ್ತದೆ. ಆದುದರಿಂದ ಬೆಟ್ಟವನ್ನು ಹಸುರಾಗಿಸಲು ಸಾಸಿವೆ ಬಿತ್ತುವವರು ಕೋಟೆಯ ಮೇಲೆ ಬಿತ್ತದೆ, ಸುತ್ತಲೂ ತಟ್ಟೆಯಲ್ಲಿ ಮಣ್ಣು ಹರಡಿ ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ಬಿತ್ತಿದರೆ ಸಾಕು. ಕೋಟೆಯ ಬುಡಕ್ಕೆ ಒಂದು ಹಲಗೆಯನ್ನು ಕೊಟ್ಟಿದ್ದರೆ ತೇವವೂ ತಾಗದು.