ದಡ ಸೇರಿದ ಮೇಲಿನ ಹತ್ತು ನಿಮಿಷ: ದೋಣಿ ಎಂಜಿನ್‌ಗೆ ನೀವೇ ಮಾಡಬಹುದಾದ ಆರೈಕೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ವಿಷಯ ದೋಣಿ ಎಂಜಿನ್. ಆಳಸಮುದ್ರಕ್ಕೆ ಹೋಗುವ ದೊಡ್ಡ ಬೋಟಿನದ್ದಲ್ಲ, ನಾಡದೋಣಿಯ ಹಿಂದಕ್ಕೆ ಸಿಕ್ಕಿಸ್ತಾರಲ್ಲ, ಆ ಔಟ್‌ಬೋರ್ಡ್ ಎಂಜಿನ್. ಅದರಲ್ಲಿ ಯಾವ ಕೆಲಸವನ್ನು ನಾವೇ ದಡದಲ್ಲಿ ಕೂತು ಮಾಡ್ಕೋಬಹುದು, ಯಾವುದಕ್ಕೆ ಮೆಕ್ಯಾನಿಕ್ ಬೇಕೇ ಬೇಕು, ಇದನ್ನು ನೋಡೋಣ.

ಇದು ಯಾಕೆ ಮುಖ್ಯ ಅಂತ ಮೊದಲು ಹೇಳ್ತೀನಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತೆ. 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಹಾಗಾಗಿ ಕಡಲು ಅತಿ ಹೆಚ್ಚು ಒರಟಾಗಿರುವ ಎರಡು ತಿಂಗಳಲ್ಲಿ ನೀರಿಗೆ ಇಳಿಯೋದು ಅತಿ ಸಣ್ಣ ಎಂಜಿನ್‌ಗಳು. ಅವು ಹೊಳೆಯಿಂದ ಕಡಲಿಗೆ ಹೋಗಬೇಕಾದ್ರೆ ಅಳಿವೆ ದಾಟಲೇಬೇಕು. ಅಲ್ಲಿ ಮರಳಿನ ದಿಬ್ಬಕ್ಕೆ ಬಡಿದು ಅಲೆ ಒಡೆಯುತ್ತೆ. ದೋಣಿಯ ಮೂತಿಯನ್ನು ಅಲೆಯ ಎದುರಿಗೆ ಹಿಡಿದಿಡೋದು ಎಂಜಿನ್ನೇ. ಅದು ಅಲ್ಲಿ ನಿಂತ್ರೆ ದೋಣಿ ಅಡ್ಡ ತಿರುಗುತ್ತೆ, ಮುಂದಿನ ಅಲೆಗೆ ಮಗುಚುತ್ತೆ. ರಸ್ತೆಯಲ್ಲಿ ಬೈಕ್ ಕೆಟ್ರೆ ಸೈಡಿಗೆ ತಳ್ಳಬಹುದು. ಅಳಿವೆಯಲ್ಲಿ ಸೈಡು ಅನ್ನೋದೇ ಇಲ್ಲ.

ಆದ್ರೆ ಒಂದು ಸಮಾಧಾನ ಇದೆ. ಎಂಜಿನ್ ನಿಲ್ಲೋದಕ್ಕೆ ಸಾಮಾನ್ಯ ಕಾರಣಗಳು ಮೂರೇ: ತಂಪು ಮಾಡುವ ನೀರು, ಇಂಧನ, ಕಿಡಿ. ಮೂರೂ ಬಹುಪಾಲು ಸಲ ಮುಂಚೆಯೇ ಸೂಚನೆ ಕೊಡ್ತವೆ. ಆ ಸೂಚನೆ ಕಾಣೋದು ದಡದಲ್ಲಿ, ದಿನಾ ಹತ್ತು ನಿಮಿಷ ಕೊಟ್ಟವರಿಗೆ.

ನೀರಿನ ಧಾರೆ ನೋಡಿ

ಬೈಕ್ ಎಂಜಿನ್ ಗಾಳಿಗೆ ತಣ್ಣಗಾಗುತ್ತೆ. ಕಾರಿಗೆ ರೇಡಿಯೇಟರ್ ಇದೆ. ಔಟ್‌ಬೋರ್ಡ್ ಎಂಜಿನ್ ಕಡಲ ನೀರನ್ನೇ ಕುಡಿದು ತಣ್ಣಗಾಗುತ್ತೆ. ನೀರೊಳಗೆ ಮುಳುಗಿರುವ ಕಾಲಿನ ಭಾಗದಲ್ಲಿ ಒಂದು ಸಣ್ಣ ಪಂಪ್ ಇದೆ. ಅದರೊಳಗೆ ರಬ್ಬರ್ ರೆಕ್ಕೆಗಳ ಚಕ್ರ, ಇಂಪೆಲ್ಲರ್. ಅದು ನೀರನ್ನು ಮೇಲಕ್ಕೆ ತಳ್ಳುತ್ತೆ. ಆ ನೀರು ಸಿಲಿಂಡರ್ ಸುತ್ತ ಓಡಾಡಿ ಹೊರಗೆ ಬೀಳುತ್ತೆ. ಅದರಲ್ಲಿ ಸ್ವಲ್ಪ ಭಾಗ ಎಂಜಿನ್ ಹಿಂದಿನ ಸಣ್ಣ ತೂತಿನಿಂದ ಧಾರೆಯಾಗಿ ಚಿಮ್ಮುತ್ತೆ. ಸ್ಟಾರ್ಟ್ ಮಾಡಿದ ಕೂಡಲೇ ಕಣ್ಣು ಹೋಗಬೇಕಾದ್ದು ಈ ಧಾರೆ ಕಡೆಗೆ. ಬಿರುಸಾಗಿ ಬರ್ತಿದ್ರೆ ಸರಿ. ಬರದಿದ್ರೆ ತಕ್ಷಣ ಆಫ್ ಮಾಡಿ.

ಆಮೇಲೆ ಮೊದಲು ನೋಡಬೇಕಾದ್ದು ಕೆಳಗೆ ನೀರು ಒಳಹೋಗುವ ಜಾಲರಿ. ಅಲ್ಲಿ ಪ್ಲಾಸ್ಟಿಕ್ ಕವರೋ ಪಾಚಿಯೋ ಸಿಕ್ಕಿರಬಹುದು. ಅದು ಸ್ವಚ್ಛ ಇದ್ರೆ ಧಾರೆ ಬರುವ ತೂತಿಗೆ ದಪ್ಪ ನೈಲಾನ್ ದಾರದ ತುಂಡು ತೂರಿಸಿ. ಎಷ್ಟೋ ಸಲ ಅಲ್ಲಿ ಉಪ್ಪು, ಮರಳು ಕಟ್ಟಿಕೊಂಡಿರುತ್ತೆ. ಆಗಲೂ ಬರದಿದ್ರೆ ಇಂಪೆಲ್ಲರ್ ಸವೆದಿದೆ ಅಂತ ಅನುಮಾನ ಪಡಬೇಕು. ದಿನಾ ಓಡುವ ಎಂಜಿನ್‌ಗೆ ಅದನ್ನು ವರ್ಷಕ್ಕೊಮ್ಮೆ, ಮಳೆಗಾಲದ ಮೊದಲೇ ಬದಲಿಸಿಬಿಡೋದು ಒಳ್ಳೇದು. ಅದೊಂದು ರಬ್ಬರ್ ತುಂಡು. ಅದು ಕೈಕೊಟ್ರೆ ಸುಡೋದು ಪಿಸ್ಟನ್.

ಒಂದು ಎಚ್ಚರಿಕೆ. ನೀರಿಲ್ಲದೆ, ಒಣಗಿದ ದಡದಲ್ಲಿ 'ಒಂದು ಸಲ ಸೌಂಡ್ ಕೇಳೋಣ' ಅಂತ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆ ರಬ್ಬರ್ ರೆಕ್ಕೆಗಳು ಜಾರೋದು ನೀರಿನಿಂದಲೇ. ಒಣಗಿದ್ರೆ ಕೆಲವೇ ಸೆಕೆಂಡುಗಳಲ್ಲಿ ಉಜ್ಜಿ ಹಾಳಾಗ್ತವೆ.

ಉಪ್ಪು ತೊಳೆಯೋದು

ಕಡಲಿಂದ ಬಂದ ಮೇಲೆ ಎಂಜಿನ್ ಒಳಗಿನ ನೀರು ಸೋರಿ ಹೋಗುತ್ತೆ, ಉಪ್ಪು ಉಳಿಯುತ್ತೆ. ದಿನಾ ಒಂದು ತೆಳು ಪದರ. ತಿಂಗಳುಗಟ್ಟಲೆ ಹೀಗೇ ಆದ್ರೆ ನೀರಿನ ದಾರಿಗಳು ಕಿರಿದಾಗ್ತವೆ. ಇದ್ದಕ್ಕಿದ್ದಂತೆ ಬಿಸಿಯಾಗಿ ಜಾಮ್ ಆಯ್ತು ಅನ್ನುವ ಎಷ್ಟೋ ಎಂಜಿನ್‌ಗಳ ಕಥೆ ಹೀಗೆ ನಿಧಾನವಾಗಿ ಶುರುವಾಗಿರುತ್ತೆ.

ಮಾಡೋದು ಸುಲಭ. ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ಎಂಜಿನ್ನಿನ ಕಾಲು ಅದರಲ್ಲಿ ಇಳಿಸಿ. ನೀರು ಒಳಹೋಗುವ ಜಾಲರಿಗಿಂತ ಚೆನ್ನಾಗಿ ಮೇಲೆ ನೀರಿರಬೇಕು. ಸಾಧ್ಯವಾದ್ರೆ ಫ್ಯಾನ್ ಬಿಚ್ಚಿಡಿ. ನ್ಯೂಟ್ರಲ್‌ನಲ್ಲಿ, ಕಡಿಮೆ ವೇಗದಲ್ಲಿ ಸುಮಾರು ಹತ್ತು ನಿಮಿಷ ಓಡಿಸಿ. ತೆರೆದ ಜಾಗದಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಹೊಗೆ ತುಂಬಿದ್ರೆ ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ಕಡಲಂಚಿನ ಕೆಲವು ಬಾವಿಗಳ ನೀರು ಉಪ್ಪಾಗುತ್ತೆ, ಆ ನೀರಲ್ಲಿ ತೊಳೆದು ಪ್ರಯೋಜನ ಇಲ್ಲ. ಮುಗಿದ ಮೇಲೆ ಎಂಜಿನ್ನನ್ನು ನೇರವಾಗಿ ನಿಲ್ಲಿಸಿಡಿ, ಒಳಗಿನ ನೀರೆಲ್ಲ ಬಸಿದು ಹೋಗಲಿ.

ಮೇಲಿನ ಮುಚ್ಚಳ ತೆಗೆದು ಪೈಪಿನಲ್ಲಿ ಜೋರಾಗಿ ನೀರು ಹೊಡೆಯಬೇಡಿ. ಅಲ್ಲಿ ವೈರು, ಕಾಯಿಲ್, ಕಾರ್ಬುರೇಟರ್ ಇವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತುಕ್ಕು ತಡೆಯುವ ಎಣ್ಣೆ ಸ್ಪ್ರೇ ಮಾಡಿದ್ರೆ ಸಾಕು.

ಎಂಜಿನ್ನಿನ ಕಾಲಿನ ಹತ್ತಿರ ಬೂದು ಬಣ್ಣದ ಸತುವಿನ ತುಂಡೊಂದು ಬೋಲ್ಟ್ ಮಾಡಿರ್ತಾರೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹ ಒಟ್ಟಿಗಿದ್ರೆ ಅದು ಒಂದು ಬ್ಯಾಟರಿ ಥರ ಕೆಲಸ ಮಾಡುತ್ತೆ, ಒಂದು ಲೋಹ ಸವೆಯುತ್ತೆ. ಆ ಸವೆತ ಎಂಜಿನ್ನಿನ ಅಲ್ಯೂಮಿನಿಯಂಗೆ ಬೀಳದೆ ತನ್ನ ಮೇಲೆ ತಗೊಳ್ಳೋಕೆ ಈ ಸತು ಇರೋದು. ಅದರ ಮೇಲೆ ಪೇಂಟ್ ಹೊಡೆದ್ರೆ ಅದು ಕೆಲಸ ಮಾಡಲ್ಲ. ಅರ್ಧ ಸವೆದ ಮೇಲೆ ಹೊಸದು ಹಾಕಿ.

ಇಂಧನ: ಸೀಮೆಎಣ್ಣೆ, ಪೆಟ್ರೋಲ್, ನೀರು

ಸೀಮೆಎಣ್ಣೆ ಎಂಜಿನ್‌ಗಳನ್ನು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸ್ತಾರೆ. ಕಾರಣ, ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗಲ್ಲ. ಇದರ ಇನ್ನೊಂದರ್ಧ ಹಲವರಿಗೆ ಮರೆತು ಹೋಗುತ್ತೆ: ನಿಲ್ಲಿಸುವ ಮೊದಲು ಕೆಲವು ನಿಮಿಷ ಮತ್ತೆ ಪೆಟ್ರೋಲ್‌ನಲ್ಲಿ ಓಡಿಸಬೇಕು. ಇಲ್ಲಾಂದ್ರೆ ಕಾರ್ಬುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಬೆಳಿಗ್ಗೆ ಹಗ್ಗ ಎಳೆದೆಳೆದು ಭುಜ ನೋಯುತ್ತೆ.

ಟೂ-ಸ್ಟ್ರೋಕ್ ಎಂಜಿನ್‌ಗೆ ಬೇರೆ ಆಯಿಲ್ ಟ್ಯಾಂಕ್ ಇಲ್ಲದಿದ್ರೆ ಆಯಿಲ್ಲನ್ನು ಇಂಧನದಲ್ಲೇ ಬೆರೆಸಬೇಕು. 50:1 ಅಂದ್ರೆ ಲೀಟರ್‌ಗೆ 20 ಮಿಲಿ. ಎಲ್ಲ ಎಂಜಿನ್‌ಗೂ ಇದೇ ಲೆಕ್ಕ ಅಲ್ಲ, ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ಇರೋದೇ ಸರಿ. ಆಯಿಲ್ ಕಡಿಮೆಯಾದ್ರೆ ಪಿಸ್ಟನ್ ಹಿಡ್ಕೊಳ್ಳುತ್ತೆ, ಜಾಸ್ತಿಯಾದ್ರೆ ಪ್ಲಗ್ ಮಸಿ ಹಿಡಿಯುತ್ತೆ. ಬೈಕಿನ ಟೂ-ಟಿ ಆಯಿಲ್ ಬದಲು ಟಿಸಿ-ಡಬ್ಲ್ಯು3 ಅಂತ ಬರೆದಿರುವ ಆಯಿಲ್ ಕೇಳಿ. ನೀರಿನಿಂದ ತಣ್ಣಗಾಗುವ ದೋಣಿ ಎಂಜಿನ್‌ಗೆ ಅಂತಲೇ ಮಾಡಿದ್ದು ಅದು.

ಇನ್ನು ನೀರಿನ ವಿಷಯ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತೆ. ಒಂದು ಮಿತಿ ದಾಟಿದ್ರೆ ಎಥೆನಾಲ್ಲೂ ನೀರೂ ಒಟ್ಟಿಗೆ ಬೇರ್ಪಟ್ಟು ತಳ ಸೇರ್ತವೆ. ಟ್ಯಾಂಕಿನ ಕೊಳವೆ ಎಳೆಯೋದು ತಳದಿಂದಲೇ. ಅನುಮಾನ ಬಂದ್ರೆ ಒಂದು ಗಾಜಿನ ಬಾಟಲಿಗೆ ತಳದ ಇಂಧನ ತೆಗೆದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡ್ರೆ ಅದನ್ನು ಎಂಜಿನ್‌ಗೆ ಹಾಕಬೇಡಿ. ಪೆಟ್ರೋಲ್ ತಿಂಗಳುಗಟ್ಟಲೆ ಕೂಡಿಡದೆ ಬೇಕಾದಷ್ಟೇ ತನ್ನಿ, ಜರಡಿ ಇರುವ ಫನೆಲ್‌ನಿಂದ ತುಂಬಿಸಿ.

ಸ್ಟಾರ್ಟ್ ಆಗಿ, ಐದು ನಿಮಿಷ ಓಡಿ, ನಿಂತು ಹೋಗುತ್ತಾ? ಎಂಜಿನ್ ಬಿಚ್ಚುವ ಮೊದಲು ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ನೋಡಿ. ಅದು ಮುಚ್ಚಿದ್ರೆ ಟ್ಯಾಂಕಿಗೆ ಗಾಳಿ ಹೋಗಲ್ಲ, ಇಂಧನ ಬರೋದು ನಿಲ್ಲುತ್ತೆ. ಆಮೇಲೆ ಪೈಪಿನ ನಡುವಿನ ರಬ್ಬರ್ ಉಂಡೆ ಹಿಚುಕಿ. ಗಟ್ಟಿಯಾಗಬೇಕು. ಆಗದಿದ್ರೆ ಪೈಪಿನಲ್ಲಿ ಎಲ್ಲೋ ಗಾಳಿ ಎಳೀತಿದೆ.

ಕಿಡಿ

ಎಂಜಿನ್ ಸ್ಟಾರ್ಟೇ ಆಗದಿದ್ರೆ ಮೊದಲು ನೋಡಬೇಕಾದ್ದು ಕೆಂಪು ಸುರುಳಿ ಹಗ್ಗದ ಕ್ಲಿಪ್. ಓಡಿಸುವವನು ನೀರಿಗೆ ಬಿದ್ರೆ ಎಂಜಿನ್ ನಿಲ್ಲಲಿ ಅಂತ ಇರುವ ಸುರಕ್ಷತಾ ಕ್ಲಿಪ್ ಅದು. ಜಾಗದಲ್ಲಿ ಇಲ್ಲದಿದ್ರೆ ಎಷ್ಟು ಎಳೆದರೂ ಕಿಡಿ ಬರಲ್ಲ. ಕಿರಿಕಿರಿ ಅಂತ ಅದನ್ನು ಖಾಯಂ ಆಗಿ ಕಟ್ಟಿ ಬಿಡಬೇಡಿ. ಕೈಗೋ ಅಂಗಿಗೋ ಸಿಕ್ಕಿಸ್ಕೊಂಡೇ ಓಡಿಸಿ.

ಆಮೇಲೆ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ತಿಳಿ ಕಂದು ಬಣ್ಣ ಇದ್ರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪು, ಒದ್ದೆ ಮಸಿ ಇದ್ರೆ ಆಯಿಲ್ಲೋ ಇಂಧನವೋ ಜಾಸ್ತಿ. ಬಿಳಿಚಿಕೊಂಡಿದ್ರೆ ಜಾಗ್ರತೆ: ಎಂಜಿನ್ ಮಿತಿಮೀರಿ ಬಿಸಿಯಾಗ್ತಿದೆ, ನೀರಿನ ದಾರಿ ಮತ್ತು ಇಂಧನ ಎರಡನ್ನೂ ನೋಡಬೇಕು. ಪ್ಲಗ್ ಮೇಲೆ ನೀರಿನ ಹನಿ ಕಂಡ್ರೆ ಇಂಧನದಲ್ಲಿ ನೀರಿರಬಹುದು, ಇಲ್ಲವೇ ಗ್ಯಾಸ್ಕೆಟ್ ಹೋಗಿರಬಹುದು. ಅದೇ ನಂಬರಿನ ಹೊಸ ಪ್ಲಗ್ ಮತ್ತು ಪ್ಲಗ್ ಪಾನ ಯಾವಾಗಲೂ ದೋಣಿಯಲ್ಲಿರಲಿ.

ಗೇರ್ ಆಯಿಲ್ ಮತ್ತು ಫ್ಯಾನ್

ಗೇರ್ ಆಯಿಲ್ ಪರೀಕ್ಷೆ ಸುಲಭ. ಕಾಲಿನ ಕೆಳಗೊಂದು, ಮೇಲೊಂದು ಸ್ಕ್ರೂ ಇವೆ. ಎರಡನ್ನೂ ಬಿಚ್ಚಿ ಹಳೇ ಆಯಿಲ್ ಬಸಿಯಿರಿ. ಅದು ಹಾಲು ಬೆರೆಸಿದ ಕಾಫಿ ಥರ ಕಂಡ್ರೆ ಒಳಗೆ ನೀರು ಹೊಕ್ಕಿದೆ, ಸೀಲ್ ಬದಲಿಸಲೇಬೇಕು. ಹೊಸದನ್ನು ಕೆಳಗಿನ ತೂತಿನಿಂದಲೇ ಪಂಪ್ ಮಾಡಿ, ಮೇಲಿನ ತೂತಲ್ಲಿ ಉಕ್ಕಿ ಬರುವವರೆಗೆ. ಮೊದಲು ಮೇಲಿನ ಸ್ಕ್ರೂ ಬಿಗಿದು, ಆಮೇಲೆ ಕೆಳಗಿನದು. ಮೇಲಿಂದ ತುಂಬಿಸಿದ್ರೆ ಒಳಗೆ ಗಾಳಿ ಉಳಿಯುತ್ತೆ.

ಸೀಲ್ ಹಾಳಾಗೋಕೆ ದೊಡ್ಡ ಕಾರಣ ನಮ್ಮದೇ ಬಲೆಯ ದಾರ. ಫ್ಯಾನ್‌ಗೆ ಸುತ್ತಿಕೊಂಡ ನೈಲಾನ್ ಹಿಂದಕ್ಕೆ ಸರಿದು ಸೀಲನ್ನು ಕೊಯ್ಯುತ್ತೆ. ಹಾಗಾಗಿ ಆಗಾಗ ಫ್ಯಾನ್ ಬಿಚ್ಚಿ, ಹಿಂದೆ ದಾರ ಇದ್ರೆ ತೆಗೆದು, ಶಾಫ್ಟಿಗೆ ಗ್ರೀಸ್ ಹಚ್ಚಿ. ಫ್ಯಾನ್ ಮುಟ್ಟುವ ಮೊದಲು ಕೆಂಪು ಕ್ಲಿಪ್ ತೆಗೆದಿಡೋದು ನಿಯಮ.

ಎಂಜಿನ್ ನೀರಲ್ಲಿ ಮುಳುಗಿದ್ರೆ

ದೋಣಿ ಮಗುಚಿ ಎಂಜಿನ್ ಕಡಲಲ್ಲಿ ಮುಳುಗಿದ್ರೆ, ಮೇಲೆತ್ತಿದ ಮೇಲೆ 'ಬಿಸಿಲಲ್ಲಿ ಒಣಗಲಿ' ಅಂತ ಇಡಬೇಡಿ. ನೀರೊಳಗೆ ಇದ್ದಾಗಿಗಿಂತ ಗಾಳಿ ತಾಗಿದ ಮೇಲೆ ಉಪ್ಪು ವೇಗವಾಗಿ ತಿನ್ನುತ್ತೆ. ತಕ್ಷಣ ಸಿಹಿನೀರಿನಲ್ಲಿ ತೊಳೆಯಿರಿ. ಪ್ಲಗ್ ಬಿಚ್ಚಿ, ಪ್ಲಗ್ ತೂತು ಕೆಳಮುಖ ಮಾಡಿ, ಹಗ್ಗವನ್ನು ನಿಧಾನವಾಗಿ ಎಳೆದು ನೀರು ಹೊರಹಾಕಿ. ಎಲ್ಲೋ ಗಟ್ಟಿ ತಡೆ ಸಿಕ್ರೆ, ಅಥವಾ ಓಡ್ತಿದ್ದಾಗಲೇ ಮುಳುಗಿದ್ರೆ, ಬಲವಂತವಾಗಿ ಎಳೆಯಬೇಡಿ. ಕನೆಕ್ಟಿಂಗ್ ರಾಡ್ ಬಾಗಿರಬಹುದು. ಸರಾಗವಾಗಿ ತಿರುಗಿದ್ರೆ ಕಾರ್ಬುರೇಟರ್ ಬಸಿದು, ಸಿಲಿಂಡರಿಗೆ ಸ್ವಲ್ಪ ಆಯಿಲ್ ಹಾಕಿ, ಹೊಸ ಇಂಧನದಲ್ಲಿ ಅದೇ ದಿನ ಓಡಿಸಬೇಕು. ಅದೇ ದಿನ ಮೆಕ್ಯಾನಿಕ್ ಸಿಗೋದಿಲ್ಲ ಅಂದ್ರೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡೋದೇ ವಾಸಿ. ಕೇಳೋಕೆ ವಿಚಿತ್ರ ಅನ್ಸುತ್ತೆ, ಆದ್ರೆ ಗಾಳಿ ತಾಗದಿದ್ರೆ ತುಕ್ಕು ನಿಧಾನ.

ಎಲ್ಲಿ ಕೈ ನಿಲ್ಲಿಸಬೇಕು

ಸಿಲಿಂಡರ್ ಬಿಚ್ಚೋದು, ಕ್ರ್ಯಾಂಕ್, ಇಗ್ನಿಷನ್ ಯೂನಿಟ್, ಗೇರ್ ಸೀಲ್ ಕೂರಿಸೋದು, ಫೋರ್-ಸ್ಟ್ರೋಕ್ ಎಂಜಿನ್ನಿನ ಇಂಜೆಕ್ಷನ್: ಇವು ಮೆಕ್ಯಾನಿಕ್ ಕೆಲಸ. ಯೂಟ್ಯೂಬ್ ನೋಡಿ ಬಿಚ್ಚಬಹುದು. ಮತ್ತೆ ಕೂರಿಸುವಾಗ ಬೋಲ್ಟನ್ನು ಎಷ್ಟು ಬಿಗಿಯಬೇಕು ಅನ್ನೋಕೆ ಅಳತೆ ಇದೆ, ಸಲಕರಣೆ ಬೇಕು. ವಾರಂಟಿ ಇದ್ರಂತೂ ಮುಟ್ಟಬೇಡಿ.

ನಾನು ಓದಿದ್ದು ಕಾಮರ್ಸ್, ಹಾಗಾಗಿ ಒಂದು ಲೆಕ್ಕದ ಮಾತು. ಎಂಜಿನ್‌ಗೂ ಒಂದು ಖಾತೆ ಇಡಿ. ಫೋನಿನ ನೋಟ್ಸ್‌ನಲ್ಲೇ ಸಾಕು: ಇಂಪೆಲ್ಲರ್ ಬದಲಿಸಿದ ದಿನ, ಗೇರ್ ಆಯಿಲ್ ಬಣ್ಣ, ಪ್ಲಗ್ಗಿನ ಒಂದು ಫೋಟೋ. ಮೂರು ತಿಂಗಳ ಫೋಟೋ ಪಕ್ಕಪಕ್ಕ ಇಟ್ಟು ನೋಡಿದ್ರೆ ಎಂಜಿನ್ ಯಾವ ಕಡೆ ಹೋಗ್ತಿದೆ ಅಂತ ಗೊತ್ತಾಗುತ್ತೆ. ಮೆಕ್ಯಾನಿಕ್‌ಗೂ ಅರ್ಧ ಕೆಲಸ ಉಳಿಯುತ್ತೆ.

ಕೊನೆಯದಾಗಿ, ಎಷ್ಟೇ ನೋಡ್ಕೊಂಡ್ರೂ ಎಂಜಿನ್ ಒಂದು ದಿನ ನಿಲ್ಲಬಹುದು. ಅದಕ್ಕೇ ಲೈಫ್ ಜಾಕೆಟ್, ಹುಟ್ಟು, ಸಾಕಷ್ಟು ಉದ್ದದ ಹಗ್ಗ ಇರುವ ಲಂಗರು ದೋಣಿಯಲ್ಲಿರಲಿ. ಅಳಿವೆಯ ಹೊರಗೆ ಎಂಜಿನ್ ನಿಂತ್ರೆ ಮೊದಲು ಮೂತಿಯಿಂದ ಲಂಗರು ಬಿಡಿ, ದೋಣಿ ಅಲೆಗೆ ಎದುರಾಗಿ ನಿಲ್ಲಲಿ. ರಿಪೇರಿ ಆಮೇಲೆ. ಫೋನನ್ನು ನೀರು ಹೋಗದ ಕವರಿನಲ್ಲಿಟ್ಟು ಎರಡು ನಂಬರ್ ಸೇವ್ ಮಾಡ್ಕೊಳ್ಳಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ನಿಮ್ಮ ಅಪ್ಪನೋ, ಮಾವನೋ, ಅಣ್ಣನೋ ಕಡಲಿಗೆ ಹೋಗುವವರಾದ್ರೆ ಈ ಸಂಚಿಕೆಯನ್ನು ಅವರ ವಾಟ್ಸಾಪ್‌ಗೆ ಕಳಿಸಿ. ಅವರಿಗೆ ಇದರಲ್ಲಿ ಬಹಳಷ್ಟು ಗೊತ್ತಿರುತ್ತೆ, ನಿಮಗಿಂತಲೂ ನನಗಿಂತಲೂ ಚೆನ್ನಾಗಿ. ಆದ್ರೆ ರಾತ್ರಿಯಿಡೀ ಬಲೆ ಎಳೆದು ದಣಿದು ದಡಕ್ಕೆ ಬಂದವರಿಗೆ ಡ್ರಮ್ಮಿಗೆ ನೀರು ತುಂಬಿಸುವ ಶಕ್ತಿ ಉಳಿದಿರಲ್ಲ. ಆ ಹತ್ತು ನಿಮಿಷದ ಕೆಲಸವನ್ನು ಮನೆಯಲ್ಲಿರುವ ನೀವು ವಹಿಸ್ಕೊಳ್ಳಬಹುದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.