ಹಳೆಯ ಜೀಪಿನ ಗೇರ್ ಬಾಕ್ಸಿಗೆ ಯಾವ ಎಣ್ಣೆ ಹಾಕಬೇಕು?



ನಮ್ಮ ಹಿರಿಯರು ಬಂಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕದೆ ಹೊರಡುತ್ತಿರಲಿಲ್ಲ. ಎತ್ತು ಎಷ್ಟೇ ಗಟ್ಟಿಯಾಗಿರಲಿ, ಅಚ್ಚು ಒಣಗಿದರೆ ಬಂಡಿ ಸಾಗದು ಎಂಬುದು ಅವರಿಗೆ ಗೊತ್ತಿತ್ತು. ಇಂದು ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು, ಜೀಪು ಬಂದಿವೆ. ಆದರೆ ಕೀಲೆಣ್ಣೆಯ ವಿಚಾರದಲ್ಲಿ ಹಿರಿಯರಿಗಿದ್ದ ಎಚ್ಚರ ನಮ್ಮಲ್ಲಿ ಎಷ್ಟು ಜನಕ್ಕೆ ಇದೆ?

ಉಡುಮಲೈ, ಮಡತ್ತುಕುಳಂ, ಪೊಳ್ಳಾಚಿ, ಆನೈಮಲೈ ಕಡೆಯ ತೋಟಗಳಲ್ಲಿ ಹಳೆಯ ಜೀಪುಗಳು ಇನ್ನೂ ದುಡಿಯುತ್ತಿವೆ. ಬಿತ್ತನೆ ಕಬ್ಬು ಸಾಗಿಸಲು, ಗೊಬ್ಬರದ ಮೂಟೆ ತರಲು, ಕಟಾವಿನ ಆಳುಗಳಿಗೆ ಊಟ ಒಯ್ಯಲು, ಕಾಲುವೆಯ ಏರಿಯ ಮೇಲೆ ನೀರಿನ ಸರದಿ ನೋಡಿಬರಲು ಇವುಗಳಷ್ಟು ಅನುಕೂಲವಾದ ಗಾಡಿ ಬೇರೆ ಇಲ್ಲ. ಮಹೀಂದ್ರ ಕಂಪನಿಯವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿದ್ದು 1940ರ ದಶಕದ ಕೊನೆಯಲ್ಲಿ. ಆ ವಂಶದ ಗಾಡಿಗಳು ಅನೇಕ ದಶಕ ತಯಾರಾದವು. ಎಂಜಿನು ಕೆಟ್ಟರೆ ಮತ್ತೊಂದು ಎಂಜಿನು ಕೂರಿಸಿ ಓಡಿಸುವವರಿದ್ದಾರೆ. ಆದರೆ ಗೇರ್ ಬಾಕ್ಸ್ ಕೆಟ್ಟರೆ ಅದರ ಒಳಭಾಗಗಳನ್ನು ಹುಡುಕಿ ತರುವುದೇ ಒಂದು ಸಾಹಸ. ಹೀಗಾಗಿ ಈ ಲೇಖನದಲ್ಲಿ ಗೇರ್ ಬಾಕ್ಸಿನ ಎಣ್ಣೆಯ ಬಗ್ಗೆ ಕೆಲವು ಮುಖ್ಯ ಸಂಗತಿಗಳನ್ನು ತಿಳಿಸುತ್ತೇವೆ.

ಒಂದು ಉದಾಹರಣೆ

ಉಡುಮಲೈ ಬಳಿಯ ಸದಸ್ಯರೊಬ್ಬರ ಜೀಪಿನಲ್ಲಿ ಗೇರುಗಳು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬೀಳುತ್ತಿದ್ದವು. ಒಮ್ಮೆ ಎಣ್ಣೆ ಬದಲಿಸಬೇಕೆಂದು ಅಂಗಡಿಗೆ ಹೋದರು. "ಇದು ಬೆಲೆ ಜಾಸ್ತಿ, ನಂಬರೂ ದೊಡ್ಡದು. ಒಳ್ಳೆ ಎಣ್ಣೆ ಅಣ್ಣಾ, ಇದನ್ನೇ ಹಾಕಿ" ಎಂದು ಅಂಗಡಿಯವರು ಜಿ.ಎಲ್.-5 ಎಂದು ಬರೆದಿದ್ದ ಡಬ್ಬವನ್ನು ಕೊಟ್ಟರು. ಕೆಲವು ವಾರಗಳಲ್ಲೇ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸುವಾಗ ಕರಕರ ಸದ್ದು ಶುರುವಾಯಿತು. ಆಳಿಯಾರಿನಿಂದ ವಾಲ್ಪಾರೈಗೆ ಹೋಗಿ ಹಿಂದಿರುಗುವಾಗ ಘಾಟಿಯ ಇಳಿಜಾರಿನಲ್ಲಿ ಎರಡನೆಯ ಗೇರು ಬೀಳಲೇ ಇಲ್ಲ. ನಲವತ್ತು ಕೊಂಡಿ ತಿರುವುಗಳಿರುವ ದಾರಿ ಅದು. ಗಾಡಿ ನ್ಯೂಟ್ರಲಿನಲ್ಲಿ ಉರುಳತೊಡಗಿತು. ಬರೀ ಬ್ರೇಕು ಒತ್ತಿ, ಗುಡ್ಡದ ಬದಿಯ ಮೋರಿಗೆ ಚಕ್ರ ಇಳಿಸಿ ನಿಲ್ಲಿಸಬೇಕಾಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಅದೇ ಪುಣ್ಯ.

ಆ ಎಣ್ಣೆ ಕಳಪೆಯದಲ್ಲ. ಬೇರೆ ಜಾಗಕ್ಕೆ ತಯಾರಾದ ಒಳ್ಳೆಯ ಎಣ್ಣೆಯನ್ನು ಗೇರ್ ಬಾಕ್ಸಿಗೆ ಹಾಕಿದ್ದೇ ತಪ್ಪು.

ಗೇರ್ ಬಾಕ್ಸಿನ ಒಳಗೆ ನಡೆಯುವುದೇನು?

ಗೇರು ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳು ಕೂಡಿಕೊಳ್ಳಬೇಕು. ಕೂಡುವ ಮೊದಲು ಎರಡರ ವೇಗ ಒಂದಾಗದಿದ್ದರೆ ಹಲ್ಲಿಗೆ ಹಲ್ಲು ಬಡಿದು ಸದ್ದಾಗುತ್ತದೆ. ವೇಗವನ್ನು ಸಮ ಮಾಡುವ ಕೆಲಸ ಸಿಂಕ್ರೋ ರಿಂಗಿನದು. ಹಳೆಯ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ ಹಿತ್ತಾಳೆ ಅಥವಾ ಕಂಚಿನ ಬಳೆ. ಅದರ ಒಳಮೈಯಲ್ಲಿ ಸಣ್ಣ ಗೀರುಗಳಿರುತ್ತವೆ. ಗೇರು ತಳ್ಳಿದಾಗ ಈ ಬಳೆ ಉಕ್ಕಿನ ಕೋನದ ಮೇಲೆ ಒತ್ತಿ, ಅಲ್ಲಿನ ಎಣ್ಣೆಯ ಪದರವನ್ನು ಕ್ಷಣಮಾತ್ರ ಕೆರೆದು ಸರಿಸಿ, ಬಿಗಿಯಾಗಿ ಹಿಡಿಯುತ್ತದೆ. ಒಂದು ರೀತಿಯಲ್ಲಿ ಅದು ಚಿಕ್ಕ ಬ್ರೇಕು.

ಆದ್ದರಿಂದ ಗೇರ್ ಬಾಕ್ಸಿನ ಎಣ್ಣೆ ಎರಡು ಕೆಲಸ ಮಾಡಬೇಕು. ಹಲ್ಲು ಮತ್ತು ಬೇರಿಂಗುಗಳನ್ನು ಸವೆಯದಂತೆ ಕಾಯಬೇಕು, ಸಿಂಕ್ರೋ ರಿಂಗು ಹಿಡಿಯುವಷ್ಟು ಅವಕಾಶವನ್ನೂ ಕೊಡಬೇಕು. ಅತಿಯಾಗಿ ಜಾರುವ ಎಣ್ಣೆ ಹಾಕಿದರೆ ಬ್ರೇಕಿಗೆ ಎಣ್ಣೆ ಹಚ್ಚಿದಂತೆ ಆಗುತ್ತದೆ.

ಮೂರು ಗೇರಿನ ಹಳೆಯ ವಿಲ್ಲೀಸ್ ಮಾದರಿಯಲ್ಲಿ ಎರಡು ಮತ್ತು ಮೂರನೆಯ ಗೇರುಗಳಿಗೆ ಮಾತ್ರ ಸಿಂಕ್ರೋ ಇದೆ, ಒಂದನೆಯದಕ್ಕೆ ಇಲ್ಲ. ಗಾಡಿ ಓಡುತ್ತಿರುವಾಗ ಒಂದಕ್ಕೆ ಇಳಿಸಿದರೆ ಸದ್ದಾಗುವುದು ಸಹಜ. ಅದಕ್ಕೆ ಎಣ್ಣೆಯನ್ನು ದೂರಬಾರದು. ಗಾಡಿ ನಿಲ್ಲಿಸಿ ಹಾಕಬೇಕು, ಇಲ್ಲವೇ ಕ್ಲಚ್ಚನ್ನು ಎರಡು ಬಾರಿ ಒತ್ತಿ ಹಾಕುವ ಹಳೆಯ ಪದ್ಧತಿಯನ್ನು ಕಲಿಯಬೇಕು.

ಜಿ.ಎಲ್.-4, ಜಿ.ಎಲ್.-5 ಎಂದರೇನು?

ಇವು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ, ಅಂದರೆ ಎ.ಪಿ.ಐ., ಗೊತ್ತುಮಾಡಿದ ದರ್ಜೆಗಳು. ಪರೀಕ್ಷೆಯಲ್ಲಿ ಮಕ್ಕಳಿಗೆ ಸಿಗುವ ಅಂಕಗಳಂತೆ 5 ಎಂದರೆ 4ಕ್ಕಿಂತ ಮೇಲು ಎಂದು ತಿಳಿಯಬಾರದು. ಅಂಕಿ ಬದಲಾದರೆ ಕೆಲಸವೇ ಬದಲಾಗುತ್ತದೆ.

ಹಿಂದಿನ ಹೌಸಿಂಗಿನಲ್ಲಿರುವ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಉಜ್ಜಿಕೊಂಡು ಜಾರುತ್ತವೆ. ಇದಕ್ಕೆ ಹೈಪಾಯ್ಡ್ ಗೇರು ಎನ್ನುತ್ತಾರೆ. ಅಲ್ಲಿ ಒತ್ತಡ ಎಷ್ಟೆಂದರೆ ಸಾಧಾರಣ ಎಣ್ಣೆಯ ಪದರ ಹರಿದೇ ಹೋಗುತ್ತದೆ. ಅದಕ್ಕಾಗಿ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಒತ್ತಡದಿಂದ ಕಾವೇರಿದಾಗ ಇವು ಉಕ್ಕಿನೊಡನೆ ಕೂಡಿ ಹಲ್ಲಿನ ಮೇಲೆ ರಕ್ಷಣೆಯ ತೆಳುಪದರ ಕಟ್ಟುತ್ತವೆ. ಡಬ್ಬದ ಮೇಲೆ ಕಾಣುವ ಇ.ಪಿ. ಎಂಬ ಅಕ್ಷರಗಳ ಅರ್ಥ ಇದೇ: ಅತಿ ಒತ್ತಡ ತಡೆಯುವ ಎಣ್ಣೆ.

ಜಿ.ಎಲ್.-5 ಎಣ್ಣೆಯಲ್ಲಿ ಈ ಮದ್ದು ಜಿ.ಎಲ್.-4ರಲ್ಲಿ ಇರುವುದಕ್ಕಿಂತ ಸುಮಾರು ಎರಡರಷ್ಟು. ಹೈಪಾಯ್ಡ್ ಹಲ್ಲಿಗೆ ಅದು ಬೇಕು. ಆದರೆ ಹಿತ್ತಾಳೆ ಸಿಂಕ್ರೋ ರಿಂಗಿಗೆ ಅದರಿಂದ ಎರಡು ತೊಂದರೆ. ಒಂದು, ರಿಂಗಿಗೆ ಬೇಕಾದ ಹಿಡಿತ ಸಿಗದೆ ಗೇರು ಕರಕರ ಎನ್ನುತ್ತದೆ. ಎರಡು, ಗಂಧಕವು ತಾಮ್ರ ಬೆರೆತ ಲೋಹದ ಮೇಲೆ ಕಪ್ಪು ಪದರ ಕಟ್ಟುತ್ತದೆ. ಪ್ರತಿ ಸಲ ಗೇರು ಬದಲಿಸಿದಾಗಲೂ ಆ ಪದರ ಕಿತ್ತುಬಂದು, ಅದರ ಜೊತೆಗೆ ಒಂದಿಷ್ಟು ಹಿತ್ತಾಳೆಯೂ ಹೋಗಬಹುದು. ಈಚಿನ ಕೆಲವು ಜಿ.ಎಲ್.-5 ಎಣ್ಣೆಗಳು ತಾಮ್ರವನ್ನು ಅಷ್ಟಾಗಿ ತಿನ್ನವು ಎಂಬುದು ನಿಜ. ಆದರೂ ಹಿಡಿತದ ತೊಂದರೆ ಹಾಗೆಯೇ ಉಳಿಯುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿಗೆ ಸರಿಹೊಂದುತ್ತದೆ.

ಡಬ್ಬದ ಮುಂಭಾಗದ ದೊಡ್ಡ ಹೆಸರನ್ನು ನೋಡಿ ಕೊಳ್ಳಬೇಡಿ. ಸೂಪರ್, ಹೆವಿ ಡ್ಯೂಟಿ ಮುಂತಾದ ಮಾತುಗಳಿಂದ ದರ್ಜೆ ತಿಳಿಯದು. ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಜಿ.ಎಲ್. ಎಂಬುದರ ಮುಂದೆ ಯಾವ ಅಂಕಿ ಇದೆ ಎಂದು ಓದಿಕೊಳ್ಳಿ. ಕನ್ನಡಕ ಮರೆತು ಹೋಗಿದ್ದರೆ ಓದಬಲ್ಲವರಿಂದ ಓದಿಸಿಕೊಳ್ಳಿ.

90 ಎಂಬ ಅಂಕಿಯ ಅರ್ಥ

ದರ್ಜೆ ಬೇರೆ, ಮಂದ ಬೇರೆ. ಎಸ್.ಎ.ಇ. 90, 140 ಎಂಬುವು ಎಣ್ಣೆ ಎಷ್ಟು ಮಂದ ಎಂಬುದನ್ನು ಹೇಳುತ್ತವೆ. ಗೇರ್ ಆಯಿಲಿನ 90 ಎಂಜಿನ್ ಆಯಿಲಿನ 40ಕ್ಕಿಂತ ಎರಡು ಪಟ್ಟು ಮಂದ ಎಂದು ಹಲವರು ಭಾವಿಸುತ್ತಾರೆ. ಇದು ತಪ್ಪು. ಎರಡಕ್ಕೂ ಅಳತೆಗೋಲು ಬೇರೆ ಬೇರೆ. 100 ಡಿಗ್ರಿ ಕಾವಿನಲ್ಲಿ ಗೇರ್ ಆಯಿಲ್ 90ರ ಮಂದ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗೆ, ಎಂಜಿನ್ ಆಯಿಲ್ 40ರದು 12.5ರಿಂದ 16.3ರ ಒಳಗೆ ಇರಬೇಕು. ಅಂದರೆ ಎರಡೂ ಹತ್ತಿರ ಹತ್ತಿರವೇ. 140 ನಂಬರಿನದು ಮಾತ್ರ 24ಕ್ಕಿಂತ ಮೇಲೆ, ನಿಜವಾಗಿಯೂ ಮಂದ.

80ಡಬ್ಲ್ಯೂ-90 ಎಂದಿದ್ದರೆ ಮೊದಲನೆಯ ಅಂಕಿ ಚಳಿಗೆ ಸಂಬಂಧಿಸಿದ್ದು. 80ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 26 ಡಿಗ್ರಿ ಕೆಳಗೆ, 75ಡಬ್ಲ್ಯೂ ಎಣ್ಣೆಯನ್ನು 40 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಕೊಯಮತ್ತೂರು, ತಿರುಪ್ಪೂರು ಬಯಲಿನಲ್ಲಿ ಅಂಥ ಚಳಿ ಎಲ್ಲಿದೆ? ಆದ್ದರಿಂದ ನಮಗೆ ಮುಖ್ಯವಾದದ್ದು ಎರಡನೆಯ ಅಂಕಿ. ಹಳೆಯ ಮೂರು ಗೇರಿನ ಜೀಪಿಗೆ ಜಿ.ಎಲ್.-4 ದರ್ಜೆಯ 90 ಅಥವಾ 80ಡಬ್ಲ್ಯೂ-90, ಎರಡೂ ಆದೀತು. ಅನಂತರ ಬಂದ ನಾಲ್ಕು, ಐದು ಗೇರಿನ ಗಾಡಿಗಳಲ್ಲಿ ವ್ಯತ್ಯಾಸ ಉಂಟು. ಅವಕ್ಕೆ ಗಾಡಿಯ ಕೈಪಿಡಿಯಲ್ಲಿ ಹೇಳಿರುವುದೇ ಪ್ರಮಾಣ.

ಗೇರ್ ಬಾಕ್ಸ್ ಕೂಗುತ್ತದೆ ಎಂದು ಕೆಲವರು 140 ಹಾಕಿಸುತ್ತಾರೆ. ಸದ್ದು ಸ್ವಲ್ಪ ಅಡಗುತ್ತದೆ, ಸವೆತ ನಿಲ್ಲುವುದಿಲ್ಲ. ಮಂದವಾದ ಎಣ್ಣೆ ಕಿರಿದಾದ ರೋಲರ್ ಬೇರಿಂಗುಗಳ ಒಳಗೆ ಸುಲಭವಾಗಿ ಹೋಗದು. ಬೆಳಗಿನ ತಂಪಿನಲ್ಲಿ ಗೇರು ಬೀಳಲು ತಡವಾಗುತ್ತದೆ. ಸದ್ದು ಅಡಗಿಸಿ ಗಾಡಿ ಮಾರಲು ಗೇರ್ ಬಾಕ್ಸಿಗೆ ಮರದ ಪುಡಿ ಹಾಕುವ ಹಳೆಯ ಕಪಟವೂ ಒಂದಿದೆ. ಹಳೆಯ ಗಾಡಿ ಕೊಳ್ಳುವವರು ಡ್ರೈನ್ ಬೋಲ್ಟ್ ಬಿಚ್ಚಿಸಿ ಎಣ್ಣೆ ನೋಡದೆ ಮುಂಗಡ ಕೊಡಬಾರದು.

ಯಾವ ಜಾಗಕ್ಕೆ ಯಾವ ಎಣ್ಣೆ?

ಗೇರ್ ಬಾಕ್ಸಿಗೆ ಜಿ.ಎಲ್.-4. ಅದರ ಬೆನ್ನಿಗೇ ಇರುವ ಟ್ರಾನ್ಸ್‌ಫರ್ ಕೇಸಿಗೂ ಅದೇ ಎಣ್ಣೆ ಹಾಕುವುದು ಒಳ್ಳೆಯದು. ಹಳೆಯ ಜೀಪುಗಳಲ್ಲಿ ಒಂದರ ಎಣ್ಣೆ ಇನ್ನೊಂದಕ್ಕೆ ಹರಿದುಹೋಗುವುದುಂಟು. ಹಿಂದಿನ, ಮುಂದಿನ ಎರಡೂ ಹೌಸಿಂಗುಗಳಿಗೆ ಮಾತ್ರ ಹೈಪಾಯ್ಡ್ ಗೇರಿಗೆಂದು ತಯಾರಾದ ಜಿ.ಎಲ್.-5 ಹಾಕಬೇಕು. ಒಂದೇ ಡಬ್ಬ ಕೊಂಡು ಎಲ್ಲದಕ್ಕೂ ಸುರಿಯುವುದರಿಂದಲೇ ಹೆಚ್ಚಿನ ಹಾನಿ ಆಗುತ್ತಿದೆ.

ಟ್ರ್ಯಾಕ್ಟರಿನ ಎಣ್ಣೆಯ ಬಗ್ಗೆಯೂ ಒಂದು ಮಾತು. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿರುವ ಟ್ರ್ಯಾಕ್ಟರುಗಳಿಗೆ ಹೈಡ್ರಾಲಿಕ್, ಗೇರು, ಬ್ರೇಕು ಮೂರಕ್ಕೂ ಸೇರಿ ಒಂದೇ ಎಣ್ಣೆ ಬರುತ್ತದೆ. ಮನೆಯಲ್ಲಿ ಅದು ಮಿಕ್ಕಿದೆ ಎಂದು ಜೀಪಿಗೆ ಹಾಕಬೇಡಿ. ಜೀಪಿನ ಎಣ್ಣೆಯನ್ನು ಟ್ರ್ಯಾಕ್ಟರಿಗೂ ಹಾಕಬೇಡಿ.

ಬದಲಿಸುವ ಕ್ರಮ

1. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಎಣ್ಣೆ ಬಿಸಿಯಾಗಲಿ. ಅನಂತರ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

2. ಮೊದಲು ಬದಿಯಲ್ಲಿರುವ ತುಂಬುವ ಬೋಲ್ಟನ್ನು ಬಿಚ್ಚಿ. ಅದು ಬಿಚ್ಚಿಬಂತೆಂದು ಖಚಿತವಾದ ಮೇಲೆಯೇ ಕೆಳಗಿನ ಡ್ರೈನ್ ಬೋಲ್ಟಿಗೆ ಕೈಹಾಕಿ. ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟು ತುಕ್ಕು ಹಿಡಿದು ಅಲುಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ.

3. ಇಳಿದ ಎಣ್ಣೆಯನ್ನು ಅಗಲವಾದ ಪಾತ್ರೆಯಲ್ಲಿ ಬಿಸಿಲಿಗೆ ಹಿಡಿದು ನೋಡಿ. ಚಿನ್ನದ ಪುಡಿಯಂತೆ ಮಿನುಗಿದರೆ ಸಿಂಕ್ರೋ ರಿಂಗು ಸವೆಯುತ್ತಿದೆ. ಉಕ್ಕಿನ ಚೂರು ಸಿಕ್ಕಿದರೆ ಹಲ್ಲು ಅಥವಾ ಬೇರಿಂಗು ಒಡೆದಿದೆ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಹಳ್ಳ, ಕಾಲುವೆ ದಾಟಿಸುವ ಗಾಡಿಗಳಲ್ಲಿ ಇದು ಸಾಮಾನ್ಯ. ಅಂಥ ಎಣ್ಣೆಯನ್ನು ಒಂದು ದಿನವೂ ಇಟ್ಟುಕೊಳ್ಳಬಾರದು.

4. ತುಂಬುವ ತೂತಿನ ಕೆಳ ಅಂಚಿನ ಮಟ್ಟಕ್ಕೆ ಬರುವವರೆಗೆ ಹೊಸ ಎಣ್ಣೆ ಹಾಕಿ. ಕಿರುಬೆರಳು ತೂರಿಸಿದರೆ ಗೊತ್ತಾಗುತ್ತದೆ. ಮೂರು ಗೇರಿನ ವಿಲ್ಲೀಸ್ ಮಾದರಿಯ ಗೇರ್ ಬಾಕ್ಸ್ ಹಿಡಿಯುವುದು ಸುಮಾರು 0.7 ಲೀಟರು, ಟ್ರಾನ್ಸ್‌ಫರ್ ಕೇಸು ಸುಮಾರು 1.5 ಲೀಟರು. ಇಷ್ಟು ಕಡಿಮೆ ಎಣ್ಣೆಯಲ್ಲಿ ಸ್ವಲ್ಪ ಸೋರಿದರೂ ಕೊರತೆ ದೊಡ್ಡದಾಗುತ್ತದೆ. ಹೆಚ್ಚು ತುಂಬಿದರೆ ಎಣ್ಣೆ ಕ್ಲಚ್ಚಿನ ಕಡೆಗೆ ನುಗ್ಗಿ ಕ್ಲಚ್ಚು ಜಾರತೊಡಗುತ್ತದೆ.

5. ಹಿಂದೆ ಜಿ.ಎಲ್.-5 ಹಾಕಿದ್ದರೆ, ಜಿ.ಎಲ್.-4 ತುಂಬಿ ಕೆಲವು ದಿನ ಓಡಿಸಿ, ಮತ್ತೊಮ್ಮೆ ಇಳಿಸಿ ಹೊಸದನ್ನು ಹಾಕಿ.

6. ಇಳಿಸಿದ ಎಣ್ಣೆಯನ್ನು ಕಾಲುವೆಗಾಗಲಿ ಬಾವಿಯ ಬಳಿಯಾಗಲಿ ಚೆಲ್ಲಬೇಡಿ. ಡಬ್ಬದಲ್ಲಿ ತುಂಬಿಟ್ಟು ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ.

ಎಲ್ಲಕ್ಕೂ ಎಣ್ಣೆಯೇ ಕಾರಣವಲ್ಲ

ಗೇರು ಸದ್ದು ಮಾಡಿದ ತಕ್ಷಣ ಎಣ್ಣೆ ಬದಲಿಸಿ ಹಣ ಕಳೆಯುವ ಮೊದಲು ಈ ಪರೀಕ್ಷೆ ಮಾಡಿ. ಗಾಡಿ ನಿಲ್ಲಿಸಿ, ಎಂಜಿನು ನಿಧಾನವಾಗಿ ಓಡುತ್ತಿರುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ, ಹತ್ತು ಎಣಿಸಿ, ಹಿಂದಿನ ಗೇರು ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಅದನ್ನು ಮೊದಲು ಸರಿಪಡಿಸಬೇಕು. ಗೇರು ತಾನಾಗಿ ಕಳಚಿಕೊಳ್ಳುತ್ತಿದ್ದರೆ ಅದು ಒಳಗಿನ ಸವೆತ. ಅದಕ್ಕೆ ಎಣ್ಣೆ ಮದ್ದಲ್ಲ.

ಮೇಲೆ ಹೇಳಿದ ಸದಸ್ಯರ ಜೀಪಿಗೆ ಜಿ.ಎಲ್.-4 ಎಣ್ಣೆಯನ್ನು ಎರಡು ಬಾರಿ ಬದಲಿಸಿ ಹಾಕಿದ ಮೇಲೆ ಮೂರನೆಯ ಗೇರು ಮೊದಲಿನಂತೆ ಆಯಿತು. ಎರಡನೆಯ ಗೇರಿನ ರಿಂಗು ಮಾತ್ರ ಸವೆದುಹೋಗಿದ್ದರಿಂದ ಗೇರ್ ಬಾಕ್ಸ್ ಇಳಿಸಿ ರಿಂಗು ಬದಲಿಸಬೇಕಾಯಿತು. ಕೊಯಮತ್ತೂರಿನಲ್ಲಿ ಅಂಗಡಿ ಅಂಗಡಿ ಅಲೆದು ಅದನ್ನು ತರುವಷ್ಟರಲ್ಲಿ ಕಟಾವಿನ ಸಮಯದಲ್ಲಿ ಗಾಡಿ ಕೊಟ್ಟಿಗೆಯಲ್ಲೇ ಉಳಿಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಕಟಾವು ಆರಂಭವಾಗುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಗೇರ್ ಬಾಕ್ಸಿನ ಎಣ್ಣೆಯ ಮಟ್ಟವನ್ನೂ ಬಣ್ಣವನ್ನೂ ನೋಡಿಕೊಳ್ಳಿ. ಗೇರ್ ಬಾಕ್ಸಿಗೆ ನಾಲ್ಕು, ಹೌಸಿಂಗಿಗೆ ಐದು. ಇಷ್ಟನ್ನು ಗಾಡಿ ಓಡಿಸುವ ಮಕ್ಕಳಿಗೂ ಹೇಳಿಕೊಡಬೇಕೆಂದು ಸದಸ್ಯರನ್ನು ಕೋರುತ್ತೇವೆ.